ಮೂರು ದಿನದ ಸೂತಕ, ಎರಡು ದಿನದ ಪ್ರವಾಸ

ಅಪ್ಪ ತೀರಿಕೊಂಡು ವರ್ಷ ತುಂಬುವ ಮೊದಲೇ ನಾನು ಮಗಳ ಜೊತೆ ರೋಲರ್ ಕೋಸ್ಟರ್ ಹತ್ತಿದೆ. ಅದರ ಹಿಂದಿನ ದಿನ ಡಬ್ಲಿನ್ನಿನಲ್ಲಿ ಕಾರ್ಟೂನ್ ಅಭಿಮಾನಿಗಳ ಸಮಾವೇಶಕ್ಕೆ ಹೋಗಿ, ನೀಲಿ ಕೂದಲು, ಹಸಿರು ಕೂದಲು ಕಟ್ಟಿಕೊಂಡವರ ನಡುವೆ ಸಂಜೆಯವರೆಗೆ ಸುತ್ತಾಡಿದೆ. ನಮ್ಮ ನೆಂಟರಲ್ಲಿ ಈ ವಿಷಯವನ್ನು ಇವತ್ತಿಗೂ ದನಿ ತಗ್ಗಿಸಿ ಹೇಳಿಕೊಳ್ಳುವವರಿದ್ದಾರೆ. ಅವರಿಗೆ ಆ ತೊಂದರೆ ಬೇಡವೆಂದು ನಾನೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಆಗ ನಾವು ಅತ್ಲೋನ್ ಎಂಬ ಐರಿಶ್ ಊರಿನಲ್ಲಿದ್ದೆವು. ನಾನು ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಮಲಗುವ ಕೋಣೆಯಿಂದಲೇ ಮಾಡುತ್ತಿದ್ದೆ. ಮನೆಯವರು ದೂರದ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರು, ಡ್ಯೂಟಿ ಬಿಟ್ಟಾಗ ಮನೆಗೆ ಬರುವವರು. ಹನ್ನೆರಡರ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು, ಅದೂ ಪಕ್ಕಾ ಐರಿಶ್ ರಾಗದಲ್ಲಿ.

ಲಾಕ್‌ಡೌನಿನ ಮೊದಲ ವರ್ಷ ಅವಳಿಗೆ ಜೊತೆಯಾಗಿದ್ದವರು ಮೈಸೂರಿನಲ್ಲಿದ್ದ ನಮ್ಮಪ್ಪ. ಅವಳು ಒಂದು ಜಪಾನಿ ಕಾರ್ಟೂನ್ ಧಾರಾವಾಹಿಗೆ ಅಂಟಿಕೊಂಡಿದ್ದಳು. ಆಕಾಶದಲ್ಲಿ ಹಾರುವ ಹಡಗು, ಅದರೊಳಗೆ ಸದಾ ಗೊಣಗುವ ಒಬ್ಬ ಮುದುಕ ಅಡುಗೆಯವನು. ಫೋನನ್ನು ಟೀವಿಯ ಎದುರು ನಿಲ್ಲಿಸಿ ತಾತನಿಗೂ ತೋರಿಸುತ್ತಿದ್ದಳು. ಅಪ್ಪನಿಗೆ ಜಪಾನಿ ಬಾರದು, ಅಡಿಬರಹ ಓದುವಷ್ಟು ಕಣ್ಣು ಕಾಣದು. ಹಾಗಾಗಿ ಅಡುಗೆಯವನ ಮಾತನ್ನೆಲ್ಲ ತಾವೇ ಕನ್ನಡದಲ್ಲಿ ಕಟ್ಟಿ ಹೇಳುತ್ತಿದ್ದರು. ಹಡಗಿಗೆ ಬೆಂಕಿ ಬಿದ್ದಿದ್ದರೂ ಅವರ ಅಡುಗೆಯವನದು ಒಂದೇ ಚಿಂತೆ: "ಬನ್ರಯ್ಯಾ ಬೇಗ, ಸಾರು ಆರೋಗ್ತಾ ಐತೆ. ಆಮೇಲೆ ಬಿಸಿ ಮಾಡ್ಕೊಡಿ ಅಂದ್ರೆ ನಾನಂತೂ ಮಾಡಲ್ಲ." ಮಗಳು ಸೋಫಾದಿಂದ ಉರುಳಿ ನಗುತ್ತಿದ್ದಳು.

ಡಬ್ಲಿನ್ನಿನಲ್ಲಿ ಇಂಥ ಅಭಿಮಾನಿಗಳೆಲ್ಲ ವೇಷ ಹಾಕಿಕೊಂಡು ಸೇರುತ್ತಾರೆಂದು ಅವಳು ಹೇಳಿದಾಗ ಅಪ್ಪ, "ಈ ದರಿದ್ರ ರೋಗ ಮುಗೀಲಿ, ನಾನೇ ಬರ್ತೀನಿ. ನಾನು ಅಡುಗೆಯವನು, ನೀನು ಕ್ಯಾಪ್ಟನ್ನು," ಎಂದು ಮಾತು ಕೊಟ್ಟಿದ್ದರು. ಹತ್ತಿರದಲ್ಲೇ ಮರದಲ್ಲಿ ಕಟ್ಟಿದ ದೊಡ್ಡ ರೋಲರ್ ಕೋಸ್ಟರ್ ಇರುವ ಪಾರ್ಕು ಇದೆ, ಅದಕ್ಕೂ ಹೋಗೋಣ ಎಂದಳು. ಅದಕ್ಕೂ ಒಪ್ಪಿದರು. "ನಿಮ್ಮಮ್ಮನ್ನ ಹತ್ಸು, ನಾನು ಕೆಳಗೆ ಚಪ್ಪಲಿ ಕಾಯ್ತೀನಿ" ಎಂದರು. ದಸರಾ ಎಕ್ಸಿಬಿಷನ್ನಿನಲ್ಲಿ ನನ್ನನ್ನು ಜೈಂಟ್ ವೀಲ್ ಹತ್ತಿಸಿ ಅವರು ಮಾಡುತ್ತಿದ್ದದ್ದೂ ಅದನ್ನೇ. ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿನಿಂದ ಕೂಗುತ್ತಿದ್ದರು: "ಬಾಯ್ಬಿಟ್ಟು ಕಿರುಚು ಮಗಾ, ಒಳಗಿಟ್ಕೋಬೇಡ."

ಎರಡನೆಯ ಅಲೆಯ ಹೊತ್ತಿನಲ್ಲಿ ಅಪ್ಪ ಹೋದರು. ಕೋವಿಡ್ ಅಲ್ಲ, ಹೃದಯ. ಹೋಗೋಣವೆಂದರೆ ವಿಮಾನವಿಲ್ಲ. ಮೈಸೂರಿನ ಮನೆಯ ಹಜಾರದಲ್ಲಿ ಅಪ್ಪನನ್ನು ಮಲಗಿಸಿದ್ದನ್ನು ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ನನ್ನ ಬಾಯಿಂದ ಒಂದು ಕೂಗು ಹೊರಟಿತು. ಅಲ್ಲಿ ಫೋನು ಸ್ಪೀಕರಿನಲ್ಲಿತ್ತು, ಪುರೋಹಿತರು ಮಂತ್ರ ನಿಲ್ಲಿಸಿ ತಲೆಯೆತ್ತಿದರು. ಅಣ್ಣ ಫೋನಿನ ಹತ್ತಿರ ಬಗ್ಗಿ, "ಮ್ಯೂಟ್ ಮಾಡ್ಕೊಳ್ಳೇ, ಇಲ್ಲಿ ಏನೂ ಕೇಳಿಸ್ತಿಲ್ಲ," ಎಂದ. ಮಾಡಿಕೊಂಡೆ. ಆಮೇಲೆ ಅದೇನೋ, ಅಳುವೇ ಬರಲಿಲ್ಲ.

ಮೂರನೆಯ ದಿನ ಅವನದೇ ಫೋನು. "ಮದುವೆಯಾಗಿರೋ ಹೆಣ್ಮಗಳಿಗೆ ಮೂರೇ ದಿನ ಸೂತಕ. ನಿಂದು ಇವತ್ತಿಗೆ ಮುಗೀತು. ತಲೆಗೆ ಸ್ನಾನ ಮಾಡಿ ದೀಪ ಹಚ್ಚು. ನಮಗೆ ವರ್ಷಾಂತಿಕದ ತನಕ ಹಬ್ಬಹರಿದಿನ ಇಲ್ಲ, ನಿಂಗೆ ಅದೇನೂ ಇಲ್ಲ." ನಮ್ಮಲ್ಲಿರುವ ಪದ್ಧತಿಯೇ ಅದು, ಅವನು ಹೊಸದಾಗಿ ಹುಟ್ಟಿಸಿದ್ದಲ್ಲ. ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದೆ. ಮರುದಿನ ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಹೇಗಿದ್ದೀಯ ಎಂದು ಕೇಳಿದಾಗ ಗ್ರ್ಯಾಂಡ್ ಎಂದೆ. ಈ ದೇಶದಲ್ಲಿ ಚೆನ್ನಾಗಿದ್ದೇನೆ ಎಂಬರ್ಥದ ಆ ಒಂದು ಮಾತು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ.

ಮಾರನೆಯ ವರ್ಷ ಈಸ್ಟರ್ ರಜೆಯ ಹೊತ್ತಿಗೆ ನಿರ್ಬಂಧಗಳು ಸಡಿಲವಾದವು. ಎರಡು ವರ್ಷ ರದ್ದಾಗಿದ್ದ ಸಮಾವೇಶ ಮತ್ತೆ ನಡೆಯುತ್ತದೆ, ಅದೇ ವಾರ ಪಾರ್ಕೂ ತೆರೆದಿರುತ್ತದೆ ಎಂದು ಗೊತ್ತಾಯಿತು. ಮಗಳು ಏನೂ ಕೇಳಲಿಲ್ಲ. ತಾತ ಇಲ್ಲದ ಮೇಲೆ ಆ ಧಾರಾವಾಹಿ ನೋಡುವುದನ್ನೇ ಬಿಟ್ಟಿದ್ದಳು. ಕನ್ನಡ ಕಿವಿಗೆ ಬಿದ್ದರೆ ಎದ್ದು ಹೋಗುತ್ತಿದ್ದಳು. ಅಪ್ಪನ ಜೊತೆಗೆ ಇವಳೂ ನನ್ನ ಕೈತಪ್ಪಿ ಹೋಗುತ್ತಿದ್ದಾಳೆ ಎಂದು ನನಗೆ ಹೆದರಿಕೆ ಶುರುವಾಯಿತು. ಆ ಹೆದರಿಕೆಯಲ್ಲೇ ಕೂತು ಟಿಕೆಟ್ ತೆಗೆದೆ.

ಅಗ್ಗದ ಪ್ರವಾಸ ಹೊಂದಿಸುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ನಾಚಿಕೆಯೂ ಇಲ್ಲ. ಬೆಳಗಿನ ಮೊದಲ ರೈಲು. ರಜೆಯಲ್ಲಿ ಖಾಲಿ ಬಿದ್ದಿರುವ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಒಂದು ರಾತ್ರಿ. ಶನಿವಾರ ಸಮಾವೇಶ, ಭಾನುವಾರ ಬಸ್ಸಿನಲ್ಲಿ ಪಾರ್ಕಿಗೆ. ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಪುಳಿಯೋಗರೆ. ರೂಮಿನಲ್ಲಿ ಕೆಟಲ್ ಇದ್ದರೆ ಸಾಕು, ಬಿಸಿನೀರು ಹಾಕುವ ಉಪ್ಪಿಟ್ಟು ತಯಾರು. ಟಿಕೆಟ್‌ಗಳು ವಾಪಸ್ ಕೊಡುವಂಥವಲ್ಲ, ಅದಕ್ಕೇ ಅಷ್ಟು ಅಗ್ಗ. ಮನೆಯವರಿಗೆ ಆ ವಾರ ರಜೆ ಇಲ್ಲ. "ಹೋಗ್ಬನ್ನಿ. ನಿಮ್ಮಣ್ಣಂಗೆ ಮಾತ್ರ ನೀನೇ ಉತ್ತರ ಹೇಳ್ಕೋ," ಎಂದರು.

ಉತ್ತರ ಹೇಳುವ ದಿನವೂ ಬಂತು. ಟಿಕೆಟ್ ಕಂಡ ದಿನ ಮಗಳು ಮತ್ತೆ ಉಸಿರಾಡಲು ಶುರುಮಾಡಿದಂತಾಯಿತು. ಕ್ಯಾಪ್ಟನ್ ಬೇಡ, ತಾನೇ ಅಡುಗೆಯವನಾಗುತ್ತೇನೆ ಎಂದಳು. ಹಿಂದೊಮ್ಮೆ ಬಂದಾಗ ಅಪ್ಪ ಇಲ್ಲೇ ಮರೆತುಹೋಗಿದ್ದ ಕೆಂಪು ಚೌಕದ ಟವೆಲನ್ನು ತಲೆಗೆ ಸುತ್ತಿ, ಸಾರಿನ ಸೌಟು ಹಿಡಿದು ಫೋಟೋ ತೆಗೆಸಿಕೊಂಡು, ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಅರ್ಧ ಗಂಟೆಯಲ್ಲಿ ಅಣ್ಣನ ಫೋನು.

"ಏನೇ ಇದು ವೇಷ? ಅಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ."

"ಅಪ್ಪ ಅವಳಿಗೆ ಮಾತು ಕೊಟ್ಟಿದ್ರು ಕಣೋ."

"ಇನ್ನೊಂದು ತಿಂಗಳು ತಡ್ಕೊಂಡ್ರೆ ವರ್ಷಾಂತಿಕ ಮುಗಿಯತ್ತೆ. ಆಮೇಲೆ ಎಲ್ಲಿಗಾದ್ರೂ ಹೋಗಿ. ನಾವಿಲ್ಲಿ ಯುಗಾದಿಗೆ ಒಬ್ಬಟ್ಟು ಕೂಡ ಮಾಡಿಲ್ಲ, ನೀನು ಆಟ ಆಡಕ್ಕೆ ಹೊರಟಿದೀಯ. ಜನ ಏನಂತಾರೆ?"

ನನಗೆ ಎಲ್ಲಿತ್ತೋ ಸಿಟ್ಟು. "ಜನ ಏನೂ ಅನ್ನೋ ಹಾಗಿಲ್ಲ. ನಂಗೆ ಮೂರು ದಿನ ಅಂತ ಹೇಳಿದ್ದು ನೀನೇ. ಮೂರು ದಿನಕ್ಕೆ ಎಲ್ಲ ಮುಗ್ಸಿ ದೀಪ ಹಚ್ಚು ಅಂದೆ, ಹಚ್ದೆ. ಅವತ್ತು ನಾನು ಹೊರಗಿನವಳು, ಇವತ್ತು ಮನೆ ಮಗಳಾ? ಎರಡೂ ನೀನೇ ತೀರ್ಮಾನ ಮಾಡ್ತೀಯಾ?"

"ಶಾಸ್ತ್ರ ಹೇಳಿದ್ದು, ನಾನಲ್ಲ."

"ಸರಿ, ಅದೇ ಶಾಸ್ತ್ರದ ಪ್ರಕಾರಾನೇ ಹೋಗ್ತಾ ಇದೀನಿ."

ಅವನು ಫೋನಿಟ್ಟ. ಬಾಗಿಲ ಸಂದಿಯಲ್ಲಿ ಮಗಳು ಟವೆಲ್ ಬಿಚ್ಚಿ ಕೈಯಲ್ಲಿ ಮುದ್ದೆ ಮಾಡಿಕೊಂಡು ನಿಂತಿದ್ದಳು. "ವಿ ಡೋಂಟ್ ಹ್ಯಾವ್ ಟು ಗೋ, ಅಮ್ಮ," ಎಂದಳು. ನಾನು ಆ ಟವೆಲ್ ಕಿತ್ತುಕೊಂಡು ಅವಳ ತಲೆಗೆ ಮತ್ತೆ ಸುತ್ತಿದೆ. ಸ್ವಲ್ಪ ಬಿಗಿಯಾಗಿಯೇ ಸುತ್ತಿದೆನೆಂದು ಕಾಣುತ್ತದೆ, ಅವಳು ಅಯ್ಯೋ ಎಂದಳು.

ಸಮಾವೇಶದಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ರಾಕ್ಷಸರಿಗೂ ಮಾಸ್ಕ್, ರಾಜಕುಮಾರಿಯರಿಗೂ ಮಾಸ್ಕ್. ಆ ಹಡಗಿನ ಕ್ಯಾಪ್ಟನ್ನುಗಳು ಬೇಕಾದಷ್ಟು ಮಂದಿ ಇದ್ದರು, ಅಡುಗೆಯವನಾಗಿ ಬಂದವಳು ಇವಳೊಬ್ಬಳೇ. ಹುಡುಗ ಹುಡುಗಿಯರು ಸುತ್ತ ನೆರೆದು, ಒಂದು ಮಾತು ಹೇಳು, ಅವನ ಥರ ಹೇಳು ಎಂದು ಪೀಡಿಸಿದರು. ಮಗಳು ನನ್ನ ಕಡೆ ನೋಡಿದಳು. ಆಮೇಲೆ ಸೌಟು ಎತ್ತಿ, ಅಪ್ಪನ ದನಿಯಲ್ಲಿ, ಅಪ್ಪನ ಗೊಣಗಾಟದಲ್ಲಿ ಶುರುಮಾಡಿದಳು: "ಬನ್ರಯ್ಯಾ ಬೇಗ, ಸಾರು ಆರೋಗ್ತಾ ಐತೆ. ಆಮೇಲೆ ಬಿಸಿ ಮಾಡ್ಕೊಡಿ ಅಂದ್ರೆ ನಾನಂತೂ ಮಾಡಲ್ಲ." ಒಂದಕ್ಷರ ತಪ್ಪಲಿಲ್ಲ. ಯಾರಿಗೂ ಏನೂ ಅರ್ಥವಾಗಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೊಂದು ತಿಂಗಳಿಂದ ಕನ್ನಡ ಕಿವಿಗೆ ಬಿದ್ದರೇ ಎದ್ದು ಹೋಗುತ್ತಿದ್ದವಳ ಬಾಯಲ್ಲಿ ಕನ್ನಡ ಕೇಳಿದೆ. ಅವತ್ತು ಸಂಜೆ ಹಾಸ್ಟೆಲಿನಲ್ಲಿ ತಣ್ಣಗಾದ ಪುಳಿಯೋಗರೆ ತಿನ್ನುವಾಗಲೂ ಅವಳು ಅದೇ ದನಿಯಲ್ಲಿ ನನ್ನನ್ನು ಬೈಯುತ್ತಿದ್ದಳು.

ಮರುದಿನ ಪಾರ್ಕಿನಲ್ಲಿ ಚಳಿಗಾಳಿ, ತುಂತುರು ಮಳೆ. ಮರದ ಆ ರೋಲರ್ ಕೋಸ್ಟರ್ ಹತ್ತಿರ ಹೋದಷ್ಟೂ ಎತ್ತರವಾಗುತ್ತಿತ್ತು. ಮೊಣಕಾಲ ಮೇಲೆ ಅಡ್ಡಪಟ್ಟಿ ಬಿಗಿದರು. ಬಂಡಿ ಕಟಕಟ ಎನ್ನುತ್ತ ಮೇಲೇರಿತು. ತುದಿಯಲ್ಲಿ ಒಂದು ಗಳಿಗೆ ನಿಂತಾಗ ನಾನು ಕೆಳಗೆ ನೋಡಿದೆ. ಚಪ್ಪಲಿ ಹಿಡಿದು ಯಾರೂ ನಿಂತಿರಲಿಲ್ಲ.

ಬಂಡಿ ಬಿತ್ತು. ನನ್ನ ಬಾಯಿಂದ "ಅಪ್ಪಾ" ಎಂದು ಹೊರಟಿದ್ದು ಮತ್ತೆ ನಿಲ್ಲಲೇ ಇಲ್ಲ. ಎದೆಯ ತಳದಿಂದ ಅತ್ತೆ. ಹಿಂದೆ ಮುಂದೆ ಎಲ್ಲರೂ ಕಿರುಚುತ್ತಿದ್ದರು, ನನ್ನದೂ ಅವರ ಕಿರುಚಾಟದಲ್ಲಿ ಸೇರಿಹೋಯಿತು. ಮೆಲ್ಲಗೆ ಅಳು ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಮಗಳಿಗೆ ಮಾತ್ರ ಗೊತ್ತಾಯಿತು. ಅವಳು ನನ್ನ ಕೈ ಹಿಡಿದುಕೊಂಡು ನನಗಿಂತ ಜೋರಾಗಿ "ತಾತಾ" ಎಂದು ಕೂಗಿದಳು.

ಇಳಿದಾಗ ಮುಖವೆಲ್ಲ ಒದ್ದೆ. ಬ್ಯಾಗಿನಲ್ಲಿ ಫೋನು ಅದುರಿತು. ಅಣ್ಣ. ಮಗಳು ನನ್ನ ಮುಖ ನೋಡಿದಳು. ಅವನ ಮೇಲೆ ನನಗೆ ಆಗ ದ್ವೇಷವೇನೂ ಇರಲಿಲ್ಲ, ಮಾತಾಡಲು ಪುರುಸೊತ್ತಿರಲಿಲ್ಲ ಅಷ್ಟೆ. ಅದುರುತ್ತಿದ್ದ ಫೋನನ್ನು ಚಪಾತಿ ಡಬ್ಬಿಯ ಕೆಳಗೆ ತುರುಕಿ, ಮಗಳ ಕೈ ಹಿಡಿದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ನಾನು ಇನ್ನೂ ಅಳುವುದಿತ್ತು.