ರೈಲಿನ ಹೊಸ ಸೀಟೂ ನನ್ನ ರೇಷ್ಮೆ ಸೀರೆಯೂ

ಗೆಳತಿಯರೇ, ರೇಷ್ಮೆ ಸೀರೆ ಉಟ್ಟು ಆ ಹೊಸ ರೈಲು ಹತ್ತಬೇಡಿ. ಕಿಟಕಿಗೆ ಬೆನ್ನು ಕೊಟ್ಟು ಸಾಲಾಗಿ ಕೂರುವ ಉದ್ದನೆಯ ಸ್ಟೀಲ್ ಬೆಂಚು. ನೋಡಲು ಚಂದ, ಕುಳಿತರೆ ಜಾರುಬಂಡೆ.

ಇಂದು ಬೆಳಿಗ್ಗೆ ಮಂಗಳೂರಿಗೆ ಒಂದು ನಿಶ್ಚಿತಾರ್ಥಕ್ಕೆಂದು ಬಂಟ್ವಾಳದಲ್ಲಿ ಹತ್ತಿದೆ. ಬೆಂಚಿನ ಇನ್ನೊಂದು ತುದಿಯಲ್ಲಿ ನನ್ನ ನಾದಿನಿ. ನಡುವೆ ಯಾರೂ ಇಲ್ಲ. ಅವಳ ಮಗಳ ಮದುವೆಯಲ್ಲಿ ನನ್ನನ್ನು ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂರಿಸಿದ್ದಳು. ಮನೆಯ ಹಿರಿಯ ಸೊಸೆಯನ್ನು! ಅಂದಿನಿಂದ ಎರಡು ವರ್ಷ ಮಾತಿಲ್ಲ. ನಮ್ಮ ಕುಟುಂಬದಲ್ಲಿ ಮೊದಲು ಮಾತಾಡಿದವರು ಸೋತ ಹಾಗೆ. ನಾನು ಸೋಲುವವಳಲ್ಲ. ಮುಖ ತಿರುಗಿಸಿ ಕುಳಿತೆ.

ಫರಂಗಿಪೇಟೆಯ ಹತ್ತಿರ ಬ್ರೇಕ್ ಬಿತ್ತು. ಬೆನ್ನು ನೆಟ್ಟಗೆ, ಬ್ಯಾಗು ಮಡಿಲಲ್ಲಿ, ಮುಖದ ಗಾಂಭೀರ್ಯ ಸ್ವಲ್ಪವೂ ಕೆಡದೆ, ಕುಳಿತಲ್ಲಿಂದಲೇ ಬೆಂಚಿನುದ್ದಕ್ಕೂ ಜಾರಿ ಅವಳಿಗೆ ಹೋಗಿ ಒರಗಿದೆ. ಎದುರಿನ ಕಾಲೇಜು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು.

ನಾದಿನಿ ನನ್ನ ತೋಳು ಹಿಡಿದುಕೊಂಡಳು. "ಅಯ್ಯೋ ಅತ್ತಿಗೆ, ಆ ಪಂಕ್ತಿಯದ್ದು ನನ್ನದೇ ತಪ್ಪು. ಅದಕ್ಕೆ ಹೀಗೆ ಮೈಮೇಲೆ ಬೀಳುವುದುಂಟಾ?"

"ನಾನು ಬಿದ್ದದ್ದಲ್ಲ. ಸೀಟು ತಂದು ಬಿಟ್ಟದ್ದು," ಎಂದೆ.

"ಹಾಗಾದ್ರೆ ಇಲ್ಲೇ ಕೂತ್ಕೊಳ್ಳಿ. ಮುಂದಿನ ಬ್ರೇಕಿಗೆ ನಾನು ಹಿಡ್ಕೊಳ್ತೇನೆ."

ಮೊದಲು ಮಾತಾಡಿದ್ದು ಅವಳು. ಇಡೀ ಬೋಗಿಯೇ ಸಾಕ್ಷಿ.

ಸಂಜೆ ವಾಪಸು ಬರುವಾಗಲೂ ಅವಳ ಪಕ್ಕಕ್ಕೆ ಜಾರಿದೆ. ಆಗ ರೈಲು ಇನ್ನೂ ಹೊರಟೇ ಇರಲಿಲ್ಲ ಎಂದು ಅವಳು ಎಲ್ಲರಿಗೂ ಫೋನು ಮಾಡಿ ಹೇಳುತ್ತಿದ್ದಾಳೆ. ನಂಬಬೇಡಿ.