ಹ್ಯಾಂಡಲ್ಲಿಗೆ ಕಟ್ಟಿದ್ದ ಟವೆಲು

ಚನ್ನರಾಯಪಟ್ಟಣದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆ ಮನುಷ್ಯ ಬಂದು ನನ್ನ ಪಕ್ಕದಲ್ಲೇ ಕೂತ. ಹೊಳೆನರಸೀಪುರದಲ್ಲಿ ನಮ್ಮ ಬೀದಿಯವನೇ, ತೆಂಗಿನಕಾಯಿ ವ್ಯಾಪಾರಿ. ಎಲೆಗೆ ಕೋಸಂಬರಿ ಬೀಳುವ ಮೊದಲೇ ಶುರು ಮಾಡಿದ.

"ಅವತ್ತು ಅವನು ಆ ಸ್ವೀಪ್ ಹೊಡೀದೆ ಇದ್ದಿದ್ರೆ ಮ್ಯಾಚು ನಮ್ದೇ ಆಗೋಗಿತ್ತು ಕಣಪ್ಪ. ನೀನು ಕ್ರಿಕೆಟ್ ತಿಳ್ದೋನು, ನೀನೇ ಹೇಳು, ಬೇಕಿತ್ತಾ ಅದು?"

ಆ ಪಂದ್ಯ ನಡೆದು ಹತ್ತು ವರ್ಷದ ಮೇಲಾಗಿತ್ತು. ನಾನು ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅಲ್ಲಿಯ ಸ್ಟಾಫ್ ರೂಮಿನಲ್ಲೂ ಹಳೆಯ ಟೆಸ್ಟುಗಳ ಮಾತು ಬಂದಾಗ ಆ ಸ್ವೀಪ್ ಬಂದೇ ಬರುತ್ತದೆ. ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ.

ವಿಶ್ಲೇಷಣೆ ನನಗೆ ಬಾರದೆಂದಲ್ಲ. ಐದನೆಯ ದಿನದ ಪಿಚ್ಚು, ಬಿರುಕು ಬಿಟ್ಟಿತ್ತು. ಬೌಲರುಗಳ ಬೂಟು ತುಳಿದು ತುಳಿದು ಲೆಗ್ ಸ್ಟಂಪಿನ ಹೊರಗೆ ಮಣ್ಣು ಎದ್ದಿತ್ತು. ವಿದೇಶಿ ತಂಡದ ಎಡಗೈ ಸ್ಪಿನ್ನರ್ ಆ ಮಣ್ಣಿಗೇ ಚೆಂಡು ಹಾಕುತ್ತಿದ್ದ. ನಮ್ಮ ಬ್ಯಾಟ್ಸ್‌ಮನ್ ದೊಡ್ಡ ಹೆಸರಿನವನಲ್ಲ, ಕೆಳಗಿನ ಕ್ರಮಾಂಕದವನು. ಊಟದ ವಿರಾಮದಿಂದ ಅವನು ಮಾಡಿದ್ದು ಒಂದೇ ಕೆಲಸ: ಕಾಲು ಮುಂದಿಟ್ಟು ಪ್ಯಾಡಿನಿಂದ ತಡೆಯುವುದು. ಅಲ್ಲಿ ಬಿದ್ದ ಚೆಂಡಿಗೆ ಎಲ್‌ಬಿಡಬ್ಲ್ಯು ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಟೀ ಆದ ಮೇಲೆ ಎದುರಾಳಿ ನಾಯಕ ಲೆಗ್ ಕಡೆಯ ಬೌಂಡರಿಯಲ್ಲಿದ್ದವನನ್ನು ಒಳಗೆ ಕರೆದು, ವಿಕೆಟ್ಟಿನ ಹಿಂದೆ ಓರೆಗೆ, ಹತ್ತಿರದಲ್ಲೇ ನಿಲ್ಲಿಸಿದ. ಇಡೀ ಬೌಂಡರಿ ಖಾಲಿ. ಅದು ಗಾಳ ಎಂದು ಯಾರಿಗಾದರೂ ಕಾಣುತ್ತಿತ್ತು. ಬ್ಯಾಟ್ಸ್‌ಮನ್ನಿಗೂ ಕಂಡಿತ್ತು, ಎಷ್ಟೋ ಓವರು ಅದನ್ನು ನೋಡದವನಂತೆ ಆಡಿದ. ಕೊನೆಗೆ ತಡೆಯಲಾಗಲಿಲ್ಲ. ಮಂಡಿಯೂರಿ, ಬ್ಯಾಟನ್ನು ಅಡ್ಡಕ್ಕೆ ಬೀಸಿ ಸ್ವೀಪ್ ಮಾಡಿದ, ಚೆಂಡು ಮಣ್ಣಿನಿಂದ ಎಗರಿ ಬ್ಯಾಟಿನ ಮೇಲಂಚಿಗೆ ತಾಗಿತು, ಒಳಗೆ ಬಂದು ನಿಂತಿದ್ದವನ ಕೈಗೇ ಹೋಯಿತು. ಉಳಿದವರು ಬಂದಂತೆಯೇ ಹೋದರು. ನಾವು ಸೋತೆವು.

ಇದನ್ನು ನಾನು ಕಣ್ಣಾರೆ ಕಂಡದ್ದು ಆಮೇಲೆ, ಹೈಲೈಟ್ಸಿನಲ್ಲಿ. ಆ ಗಳಿಗೆಯಲ್ಲಿ ನಾನು ಒಂದು ಲೈಟು ಕಂಬದ ಬುಡದಲ್ಲಿ ನಿಂತಿದ್ದೆ.

ಬಿ.ಎ. ಮುಗಿಸಿ ಮನೆಯಲ್ಲಿದ್ದ ಕಾಲ. ಬೀದಿಗೆ ಬಣ್ಣದ ಟಿವಿ ಇದ್ದದ್ದು ಆ ವ್ಯಾಪಾರಿಯ ಮನೆಯಲ್ಲಿ, ನಾವೆಲ್ಲ ಅಲ್ಲೇ ಕೂತಿದ್ದೆವು. ಟೀ ಆಗಿ ಸ್ವಲ್ಪ ಹೊತ್ತಿಗೆ ನಮ್ಮ ಬೀದಿಯ ಕರೆಂಟು ಮಾತ್ರ ಹೋಯಿತು. ಮೂಲೆಯ ಕಂಬದಲ್ಲಿ ತಂತಿ ಸುಟ್ಟಿತ್ತು. ಲೈನ್‌ಮನ್ ಸೈಕಲ್ಲಿನಲ್ಲಿ ಬಂದ. ವ್ಯಾಪಾರಿಯ ಮನೆ ಮುಂದೆಯೇ ಟ್ರಾನ್ಸ್‌ಫಾರ್ಮರ್. ಅದರ ಕಬ್ಬಿಣದ ಹ್ಯಾಂಡಲ್ ಕೆಳಗೆಳೆದರೆ ಲೈನು ಬಂದ್, ಮೇಲೆ ತಳ್ಳಿದರೆ ಚಾಲೂ. ಅವನು ಕೆಳಗೆಳೆದು, ಹಾರಿಹೋಗಿದ್ದ ಫ್ಯೂಸು ಹಾಕಿ, ಹೆಗಲ ಮೇಲಿನ ಟವೆಲನ್ನು ಹ್ಯಾಂಡಲ್ಲಿಗೆ ಕಟ್ಟಿದ. ಬೀಗ ಗೀಗ ಏನಿಲ್ಲ. ಟವೆಲು ಇದ್ದರೆ ಲೈನಿನ ಮೇಲೆ ಮನುಷ್ಯ ಇದ್ದಾನೆ ಎಂದರ್ಥ. ಅದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

ತಂತಿ ಸುಟ್ಟಿದ್ದ ಕಂಬ ಬೀದಿಯ ತಿರುವಿನಾಚೆ, ವ್ಯಾಪಾರಿಯ ಮನೆಗೆ ಕಾಣುವುದಿಲ್ಲ. ನನ್ನ ಕೈಲಿ ಪಾಕೆಟ್ ರೇಡಿಯೋ ಇದ್ದದ್ದನ್ನು ಲೈನ್‌ಮನ್ ನೋಡಿದ.

"ಬನ್ನಿ ಸಾ, ಕೆಳಗೆ ನಿಂತ್ಕಂಡು ಸ್ಕೋರ್ ಏಳ್ತಾ ಇರಿ. ಇಲ್ದಿದ್ರೆ ನಂಗೆ ಕೈ ಓಡಾಕಿಲ್ಲ."

ಅವನು ಹತ್ತಿದ. ನಾನು ರೇಡಿಯೋ ಎತ್ತಿ ಹಿಡಿದೆ.

"ಎಷ್ಟು ಬೇಕು ಸಾ?"

"ಇಪ್ಪತ್ತರ ಹತ್ತಿರ."

"ನಮ್ಮ ಆಸಾಮಿ ಅವ್ನಾ?"

"ಇದ್ದಾನೆ."

"ಅಂಗಾರೆ ಬುಡಿ. ಅವ್ನು ದುಡುಕೋ ಪೈಕಿ ಅಲ್ಲ."

ಎಡಗೈಯಲ್ಲಿ ಕಂಬ ತಬ್ಬಿ ಬಲಗೈಯಲ್ಲಿ ತಂತಿಯ ತುದಿ ಹಿಡಿದಿದ್ದ. ಬರಿಗೈ. ಅಷ್ಟರಲ್ಲಿ ಕಾಮೆಂಟರಿಯ ದನಿ ಏರಿತು: ಸ್ವೀಪ್, ಗಾಳಿಯಲ್ಲಿ ಚೆಂಡು, ಕ್ಯಾಚ್.

"ಥೂ ಇವ್ನ" ಎಂದು ಲೈನ್‌ಮನ್ ತಂತಿ ಬಿಟ್ಟು ಹಣೆ ಚಚ್ಚಿಕೊಂಡ.

ಕೈ ಹಣೆಯ ಮೇಲೆ ಇರುವಾಗಲೇ ತಂತಿಯ ತುದಿ ಕಬ್ಬಿಣದ ಅಡ್ಡಪಟ್ಟಿಗೆ ತಾಗಿ ಚಟಾರೆಂದಿತು. ನೀಲಿ ಕಿಡಿ ಸುರಿಯಿತು. ತಿರುವಿನಾಚೆಯಿಂದ "ಬಂತು, ಬಂತು" ಎಂಬ ಕೂಗು. ಅವನ ಸೊಂಟದಲ್ಲಿದ್ದ ಕಟಿಂಗ್ ಪ್ಲೇಯರ್ ನನ್ನ ಕಾಲ ಬಳಿ ಬಿತ್ತು. ಮೇಲೆ ಅವನು ಎರಡು ಕೈಯಲ್ಲೂ ಕಂಬ ಅಪ್ಪಿಕೊಂಡು, ಕೆನ್ನೆಯನ್ನು ಸಿಮೆಂಟಿಗೆ ಒತ್ತಿ ಕಣ್ಣು ಮುಚ್ಚಿದ್ದ. ನಾನು ತಿರುವಿನ ಕಡೆಗೆ ಓಡಿದೆ.

ಟ್ರಾನ್ಸ್‌ಫಾರ್ಮರ್ ಹತ್ತಿರ ಯಾರೂ ಇಲ್ಲ. ಹ್ಯಾಂಡಲ್ ಮೇಲಿತ್ತು. ಟವೆಲು ಪಕ್ಕದ ಕಾಂಪೌಂಡ್ ಗೋಡೆಯ ಮೇಲಿತ್ತು, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ. ಯಾರೋ ಕಿತ್ತು ಎಸೆದಿದ್ದರೆ ಆತುರದಲ್ಲಿ ಮಾಡಿದ ಎನ್ನಬಹುದಿತ್ತು. ಗಂಟು ಬಿಚ್ಚಿ, ಮಡಚಿ, ಇಟ್ಟು, ಆಮೇಲೆ ತಳ್ಳಿದ್ದಾನೆ. ಕಿಟಕಿಯೊಳಗೆ ಟಿವಿ ಹತ್ತಿತ್ತು. ಅದರಲ್ಲಿ ಬರುತ್ತಿದ್ದದ್ದು ಅದೇ ಸ್ವೀಪಿನ ರಿಪ್ಲೇ.

ಹ್ಯಾಂಡಲ್ ಎಳೆದೆ. ಒಳಗಿಂದ "ಯಾವನ್ಲಾ ಅವ್ನು?" ಎಂದು ಬೈಗಳು ಬಂತು, ಹಿಂದೆಯೇ ವ್ಯಾಪಾರಿ ಬಂದ.

"ಕಂಬದ ಮೇಲೆ ಮನುಷ್ಯ ಇದ್ದಾನೆ" ಎಂದೆ.

"ಇನ್ನೂ ಇಳ್ದಿಲ್ವಾ? ಇಷ್ಟೊತ್ಗೆ ಮುಗ್ಸಿರ್ತಾನೆ ಅನ್ಕಂಡೆ. ಒಂದೆರಡು ಓವರ್ ನೋಡ್ಬುಟ್ಟು ತಿರ್ಗಾ ಎಳೆಯೋಣ ಅಂತಿದ್ದೆ."

ಮುಗಿಸಿದ್ದಾನೆ ಅಂದುಕೊಂಡವನು ತಿರುಗಿ ಯಾಕೆ ಎಳೆಯಬೇಕು? ಆ ಮಾತಿನಲ್ಲಿ ತಾನು ಏನು ಬಾಯಿಬಿಟ್ಟೆ ಎಂಬುದೂ ಅವನಿಗೆ ಹೊಳೆದಿರಲಿಲ್ಲ. ಹಿಂದೆ ನಿಂತವನೊಬ್ಬ, "ಏನೂ ಆಗ್ಲಿಲ್ವಲ್ಲ ಬುಡಪ್ಪ. ಆ ರೇಡಿಯೋ ಒಸಿ ಜೋರಾಗ್ ಇಡು" ಎಂದ. ಒಬ್ಬರೂ ತಿರುವಿನ ಕಡೆ ಹೆಜ್ಜೆ ಹಾಕಲಿಲ್ಲ. ಔಟಾದವನ ತಲೆಯಲ್ಲಿ ಏನು ತುಂಬಿತ್ತು ಎಂದು ಜಗಲಿಯ ಮೇಲೆ ಚರ್ಚೆ ಶುರುವಾಯಿತು. ಇವರ ಜೊತೆ ಐದು ದಿನ ಚಾಪೆ ಹಂಚಿಕೊಂಡು ಕೂತಿದ್ದೆನಲ್ಲ ಎಂದುಕೊಂಡು ಹ್ಯಾಂಡಲ್ ಹಿಡಿದೇ ನಿಂತೆ.

ಲೈನ್‌ಮನ್ ತಾನೇ ಇಳಿದು ನಡೆದು ಬಂದ. ಟವೆಲಿನ ಮಡಿಕೆ ಕೊಡವಿ ಮುಖ ಒರೆಸಿಕೊಂಡ.

"ಯಾರು ಬಿಚ್ಚಿದ್ದು?"

ವ್ಯಾಪಾರಿ "ಕಾಫಿ ಕುಡ್ದು ಹೋಗು" ಎಂದ. ಲೈನ್‌ಮನ್ ಟವೆಲನ್ನು ಹ್ಯಾಂಡಲ್ಲಿಗೆ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದ. ನಾನು ಹ್ಯಾಂಡಲ್ ಬಿಟ್ಟು ಕದಲಲಿಲ್ಲ. ಅವನು ಹೋಗಿ ಮತ್ತೆ ಅದೇ ಕಂಬ ಹತ್ತಿದ. ಕೆಲಸ ಮುಗಿಯುವ ಹೊತ್ತಿಗೆ ಪಂದ್ಯವೂ ಮುಗಿದಿತ್ತು.

ಮುಂದೆ ಅವನಿಗೆ ಅರಕಲಗೂಡಿಗೆ ವರ್ಗವಾಯಿತು. ಒಮ್ಮೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಸೈಕಲ್ಲಿನ ಹ್ಯಾಂಡಲ್‌ಬಾರಿನಲ್ಲಿ ಸರಪಣಿ, ಬೀಗ ನೇತಾಡುತ್ತಿದ್ದವು. ನನ್ನ ಕಣ್ಣು ಅಲ್ಲಿ ಹೋದದ್ದು ನೋಡಿ ನಕ್ಕ.

"ಸ್ವಂತದ್ದು ಸಾ. ಟವೆಲ್ ನಂಬಾಕಿಲ್ಲ ಈಗ." ಆಮೇಲೆ ಹಣೆ ಮುಟ್ಟಿಕೊಂಡು, "ಅವತ್ತು ಔಟಾದೋನ್ನ ಎಲ್ರೂ ಬೈತಾರೆ. ನಾ ಬೈಯಾಕಿಲ್ಲ" ಎಂದ.

ಮದುವೆ ಪಂಕ್ತಿಯಲ್ಲಿ ವ್ಯಾಪಾರಿ ಇನ್ನೂ ನನ್ನ ಮುಖ ನೋಡುತ್ತಿದ್ದ. ಸೆಖೆಗೆ ಹೆಗಲ ವಸ್ತ್ರದಿಂದ ಕತ್ತು ಒರೆಸಿಕೊಂಡು, ಅದನ್ನು ನಾಲ್ಕಾಗಿ ಮಡಚಿ ಅಂಚಿಗೆ ಅಂಚು ಕೂಡಿಸಿ ತೊಡೆಯ ಮೇಲಿಟ್ಟುಕೊಂಡ.

"ಹೇಳಪ್ಪ, ಬೇಕಿತ್ತಾ ಆ ಸ್ವೀಪ್?"

"ಬೇಕಿತ್ತು" ಎಂದೆ.

ಅವನು ಪಾಯಸದವನಿಗೆ ಎಲೆ ತೋರಿಸಿದ. "ನಿಂಗೂ ಕ್ರಿಕೆಟ್ ತಿಳಿಯಾಕಿಲ್ಲ ಬುಡು" ಎಂದ.