ಅಕ್ಕ ಒಯ್ದಿದ್ದ ಕಾರಿನ ಬೀಗ

ಆ ಕಾರಿನ ಬೀಗ ಕೆಡಿಸಿದವಳು ನಾನು. ಶಿವಲೀಲಕ್ಕ ಅಲ್ಲ. ಇಷ್ಟು ಸಣ್ಣ ಮಾತು ನನ್ನ ಬಾಯಿಂದ ಹೊರಬರಲು ಇಷ್ಟು ವರ್ಷ ಬೇಕಾಯಿತು — ಮಾವ ಹೋದರು, ಅಕ್ಕನ ತಾಯಿ ಹೋದರು, ಆ ಕಾರನ್ನೂ ಮಾರಿದ್ದಾಯಿತು.

ಶಿವಲೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಕೊಟ್ಟೂರಿನಲ್ಲಿ ನಮ್ಮದು ಕೂಡು ಮನೆ, ಮಾವನದು ಕಾಳಿನ ಅಂಗಡಿ. ಎಲ್ಲರಿಗೂ ಸೇರಿ ಒಂದು ಹಳೆಯ ಕಾರಿತ್ತು. ಮನೆಯ ಹೆಂಗಸರಲ್ಲಿ ಅದನ್ನು ಓಡಿಸಲು ಕಲಿತವಳು ಅಕ್ಕ ಒಬ್ಬಳೇ. ಭಾನುವಾರ ಬೆಳಿಗ್ಗೆ ತವರೂರು ಇಟ್ಟಿಗಿಗೆ ಹೋಗಿ, ಹಾಸಿಗೆ ಹಿಡಿದಿದ್ದ ತಾಯಿಗೆ ತಲೆಗೆ ಎರೆದು, ಉಣಿಸಿ, ಸೆರಗಿನಲ್ಲಿ ಬಾಯಿ ಒರೆಸಿ, ಹೊತ್ತು ಮುಳುಗುವುದರೊಳಗೆ ಬರುತ್ತಿದ್ದಳು. ಬಂದವಳ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಆ ದಿನ ಇಡೀ ಮನೆಯ ರೊಟ್ಟಿ ನನ್ನ ಪಾಲಿಗೆ. ಒಲೆಯ ಮುಂದೆ ಕೂತು ಬೆವರುತ್ತಾ ನಾನು ಆ ಕಳೆಯನ್ನು ನೋಡುತ್ತಿದ್ದೆ. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಇದನ್ನೂ ಮುಚ್ಚಿಡುವುದಿಲ್ಲ.

ಚಳಿಗಾಲದ ಒಂದು ಸೋಮವಾರ. ಕಾರಿನಲ್ಲಿ ಮರೆತಿದ್ದ ನನ್ನ ಬಟ್ಟೆ ಚೀಲ ಬೇಕಾಗಿ ಬೆಳಿಗ್ಗೆಯೇ ಚಾವಿ ತೆಗೆದುಕೊಂಡು ಹೋದೆ. ಚಾವಿಯ ಕಿಂಡಿ ಇದ್ದದ್ದು ಡ್ರೈವರ್ ಬಾಗಿಲಿಗೆ ಮಾತ್ರ. ಆ ಬೀಗ ಮೊದಲಿನಿಂದಲೂ ಬಿಗಿ. ಅಕ್ಕ ಚಾವಿಯನ್ನು ಸ್ವಲ್ಪ ಹೊರಗೆಳೆದು, ಅಲುಗಾಡಿಸಿ, ಸಮಾಧಾನದಿಂದ ತೆಗೆಯುತ್ತಿದ್ದಳು. ನನಗೆ ಆ ಸಮಾಧಾನವೆಲ್ಲಿ? ಒಳಗೆ ಹೋಗಿ, ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯನ್ನು ಒಲೆಯ ಬಳಿ ಹಿಡಿದು ಕರಗಿಸಿ ತಂದು ಕಿಂಡಿಗೆ ಸುರಿದೆ. ಆದರೂ ಚಾವಿ ತಿರುಗಲಿಲ್ಲ. ಇಕ್ಕಳ ತಂದು ಚಾವಿಯ ತಲೆ ಹಿಡಿದು, ಸಿಟ್ಟಿನಿಂದ ತಿರುವಿಬಿಟ್ಟೆ. ಒಳಗೆಲ್ಲೋ ಕಟ್ಟೆಂದಿತು. ಚಾವಿ ಸಡಿಲಾಗಿ ಸುತ್ತತೊಡಗಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಸುತ್ತ ನೋಡಿದೆ — ಯಾರೂ ಇರಲಿಲ್ಲ. ಚಾವಿಯನ್ನು ಒರೆಸಿ ಮೊಳೆಗೆ ತೂಗುಹಾಕಿದೆ.

ಸ್ವಲ್ಪ ಹೊತ್ತಿಗೆ ಮಾವ ಹರಪನಹಳ್ಳಿಗೆ ಹೊರಟರು. ಬಾಗಿಲು ತೆರೆಯದೆ ಅವರ ಮುಖ ಕೆಂಪಾಯಿತು.

“ನಿನ್ನಿ ಕಾರ್ ಯಾರು ಒಯ್ದಿದ್ರು?”

ಅಂಗಳದಲ್ಲಿದ್ದವಳು ನಾನೇ.

“ಅಕ್ಕ ಒಯ್ದಿದ್ಲು ನೋಡ್ರಿ” ಅಂದೆ.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಬಂತೇನೋ —

ಮೆಕ್ಯಾನಿಕ್ ಇಮಾಮಸಾಬರು ಬಂದು ಗಾಜಿನ ಸಂದಿಯಲ್ಲಿ ತೆಳು ಕಬ್ಬಿಣದ ಪಟ್ಟಿ ಇಳಿಸಿ ಬಾಗಿಲು ತೆಗೆದರು. ಒಳಗಿನ ಹಲಗೆ ಬಿಚ್ಚಿದಾಗ ಎಲ್ಲ ಕಂಡಿತು. ಎಣ್ಣೆ ಧೂಳಿನೊಂದಿಗೆ ಕೂಡಿ ಮೇಣದಂತಾಗಿತ್ತು, ಬೀಗದ ಹಿಂದಿನ ತಂತಿ ಕಳಚಿ ಬಾಗಿತ್ತು.

“ಯಾರೋ ಕೊಬ್ರಿ ಎಣ್ಣಿ ಸುರುವ್ಯಾರ್ರಿ. ಮ್ಯಾಲೆ ಇಕ್ಕಳ ಹಾಕಿ ತಿರುವ್ಯಾರ” ಅಂದರು.

ಮಾವ ಅಕ್ಕನ ಕಡೆ ತಿರುಗಿದರು. “ನಾ ಹಾಕಿಲ್ರಿ ಮಾವ” ಅಂದಳು ಅಕ್ಕ. ಹಾಗೆಂದು ಒಮ್ಮೆ ನನ್ನನ್ನು ನೋಡಿದಳು. ನಾನು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹಿಂದಿನಿಂದ ಮಾವನ ದನಿ ಕೇಳಿಸಿತು: “ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ಟಿದ್ದು ನಂದು ತಪ್ಪು. ಇನ್ನ ಮ್ಯಾಲೆ ಚಾವಿ ಮುಟ್ಟಬ್ಯಾಡ.” ಅಲ್ಲೇ ಇದ್ದ ಭಾವ, ಅಕ್ಕನ ಗಂಡ, ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟರು.

ಇಮಾಮಸಾಬರು ಪೆಟ್ರೋಲಿನಿಂದ ಬೀಗ ತೊಳೆದು, ತಂತಿ ನೆಟ್ಟಗೆ ಮಾಡಿ ಕೂಡಿಸಿದರು. ಮಧ್ಯಾಹ್ನಕ್ಕೆ ಚಾವಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿತ್ತು. ಅಕ್ಕ ಮಾತ್ರ ಮತ್ತೆ ಅದನ್ನು ಮುಟ್ಟಲಿಲ್ಲ.

ಇಟ್ಟಿಗಿಗೆ ಬಸ್ಸು ಬದಲಿಸಿಕೊಂಡು ಹೋಗಬೇಕು. ಹೋದರೆ ಅದೇ ದಿನ ಮರಳುವ ನಂಬಿಕೆಯಿಲ್ಲ. ಪ್ರತಿ ವಾರದ ಭೇಟಿ ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ. ಭಾನುವಾರಗಳಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಬಯಸಿದ್ದು ಅದೇ ಅಲ್ಲವೇ? ಅವಳ ತಾಯಿ ತೀರಿಕೊಂಡ ಸುದ್ದಿ ಬಂದದ್ದೂ ಹಾಗೆ ಬಡಿಯುತ್ತಿದ್ದಾಗಲೇ. ಕೈಯ ಹಿಟ್ಟು ತೊಳೆಯದೆ ಎದ್ದಳು. ಆಗಲೂ ನಾನು ಹೇಳಲಿಲ್ಲ.

ಹೋದ ವಾರ ಹೇಳಿದೆ. ಹೊಸ ಕಾರು ಬಂದಿದೆ, ಗುಂಡಿ ಒತ್ತಿದರೆ ತೆರೆಯುತ್ತದೆ. “ಅತ್ತಿಗಿ, ಒಂದ್ ಸುತ್ತು ಹೊಡಸ್ರಿ” ಎಂದು ನನ್ನ ಗಂಡ ಅಂದಾಗ ಅವಳು ನಕ್ಕು, “ಮರತು ಹೋಗೈತಪ್ಪಾ” ಅಂದಳು. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಅವಳ ಹಿಂದೆ ಹೋಗಿ ಎಲ್ಲ ಹೇಳಿದೆ — ಎಣ್ಣೆ, ಇಕ್ಕಳ, ಆ ಮಾತು.

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

“ನನಗ ಅವತ್ತ ಗೊತ್ತಾಗಿತ್ತು. ನಿನ್ನ ಕೈ ಎಣ್ಣಿ ವಾಸನಿ ಬರ್ತಿತ್ತು. ನೀನಾಗೇ ಹೇಳ್ತಿ ಅಂತ ಕಾದೆ. ಅವ್ವ ಇರೋ ತನಕ ಕಾದೆ.” ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು, “ಆಮ್ಯಾಲೆ ಕಾಯೋದು ಬಿಟ್ಟೆ” ಅಂದಳು.

ನಾನು ಅಲ್ಲೇ ನಿಂತಿದ್ದೆ. ಕ್ಷಮೆ ಕೇಳಬೇಕೆಂದುಕೊಂಡೆ. ಅದನ್ನು ಕೇಳುವ ಹಕ್ಕು ನನಗಿಲ್ಲವೆನಿಸಿತು.